ಮಗು ಬಿಸಿನೆಸ್ ಮಾಡಿದರೆ ದೊಡ್ಡ ಕಾಲೇಜಲ್ಲಿ ಸೀಟು ಸಿಗುತ್ತಾ? ಕಲಬುರಗಿ ಕಡೆಯವರಿಗೆ ಒಂದು ವಿವರಣೆ

ಪ್ರತಿ ವರ್ಷ ಮಾರ್ಚ್, ಏಪ್ರಿಲ್ ಬಂತು ಅಂದ್ರೆ ಪೇಪರ್‌ನಲ್ಲಿ ಒಂದು ಬಗೆಯ ಸುದ್ದಿ ಕಾಣಿಸುತ್ತೆ. ಹನ್ನೆರಡನೇ ಕ್ಲಾಸಿನ ಯಾರಿಗೋ ಅಮೆರಿಕದ ದೊಡ್ಡ ವಿಶ್ವವಿದ್ಯಾಲಯದಲ್ಲಿ ಸೀಟು, ಜೊತೆಗೆ ಕೋಟಿಗಟ್ಟಲೆ ರೂಪಾಯಿ ಸ್ಕಾಲರ್‌ಶಿಪ್. ಸುದ್ದಿಯ ಒಳಗೆಲ್ಲೋ 'ಶಾಲೆಯಲ್ಲಿದ್ದಾಗಲೇ ಸ್ವಂತ ಬಿಸಿನೆಸ್ ನಡೆಸುತ್ತಿದ್ದರು' ಅಂತ ಒಂದು ಸಾಲು. ಅದೇ ಹೊತ್ತಿಗೆ ನಮ್ಮ ಕಡೆ ಸೆಕೆಂಡ್ ಪಿಯು ರಿಸಲ್ಟ್, ಕೆಸಿಇಟಿ, ನೀಟ್ ಗಡಿಬಿಡಿ ನಡೆದಿರುತ್ತೆ. ಕಲಬುರಗಿಯಲ್ಲೋ ಬೀದರ್‌ನಲ್ಲೋ ಯಾದಗಿರಿಯಲ್ಲೋ ಕೂತು ಇದನ್ನು ಓದುವ ತಂದೆ-ತಾಯಿಗೆ ಗೊಂದಲ ಆಗೋದು ಸಹಜ ಅಲ್ವಾ? 95 ಪರ್ಸೆಂಟ್ ತೆಗೆದ ನಮ್ಮ ಮಗನಿಗೆ ಬೇಕಾದ ಕಾಲೇಜು ಸಿಗಲಿಲ್ಲ, ಅಲ್ಲೆಲ್ಲೋ ಬಿಸಿನೆಸ್ ಮಾಡಿದ ಹುಡುಗಿಗೆ ಅಷ್ಟು ದೊಡ್ಡ ಸೀಟು ಸಿಕ್ಕಿತು, ಹಾಗಾದರೆ ಈಗ ಮಕ್ಕಳ ಕೈಲಿ ಒಂದು ಬಿಸಿನೆಸ್ ಮಾಡಿಸಬೇಕಾ?

ಈ ಗೊಂದಲವನ್ನೇ ನಂಬಿ ನಡೆಯುವ ಕಂಪನಿಗಳೂ ಇವೆ. ಲಕ್ಷಗಟ್ಟಲೆ ಫೀಸು ಕೊಟ್ಟರೆ ಮಗುವಿನ ಹೆಸರಲ್ಲಿ ವೆಬ್‌ಸೈಟ್, ಲೋಗೊ, 'ಫೌಂಡರ್' ಅನ್ನೋ ಪಟ್ಟ, ಎಲ್ಲ ಸಿದ್ಧ ಮಾಡಿ ಕೊಡುತ್ತಾರೆ. ಇದಕ್ಕೆ 'ಪ್ರೊಫೈಲ್ ಬಿಲ್ಡಿಂಗ್' ಅಂತಾರೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಭಾಗದ ಮಕ್ಕಳಿಗೆ ಇದರ ಅಗತ್ಯ ಇಲ್ಲ. ಅಪ್ಪನ ಅಂಗಡಿಯ ಗಲ್ಲಾ ಮೇಲೆ ಕೂರುವ, ತೊಗರಿ ಮಾರಲು ಗಂಜ್‌ಗೆ ಹೋಗುವ, ಅಮ್ಮನ ರೊಟ್ಟಿ ಕೇಂದ್ರದ ಆರ್ಡರ್ ಬರೆದುಕೊಳ್ಳುವ ಮಕ್ಕಳು ಇಲ್ಲಿ ಬೇಕಾದಷ್ಟು ಇದ್ದಾರೆ. ಅದೇ ಕೆಲಸ ಅರ್ಜಿಯಲ್ಲಿ ಬರಬೇಕು. ಆದರೆ ಅದನ್ನು ಹೇಗೆ ಹೇಳಬೇಕು ಅಂತ ಅವರಿಗೆ ಯಾರೂ ತಿಳಿಸಿಲ್ಲ.

ಎಲ್ಲಿ ಲೆಕ್ಕಕ್ಕೆ ಬರುತ್ತೆ, ಎಲ್ಲಿ ಬರಲ್ಲ

ಮೊದಲು ಇದನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಕೆಸಿಇಟಿ, ನೀಟ್, ಜೆಇಇ ಮೂಲಕ ಸಿಗುವ ಸೀಟಿಗೆ ಮಗು ಬಿಸಿನೆಸ್ ಮಾಡಿದೆಯಾ ಇಲ್ಲವಾ ಅನ್ನೋದು ಒಂದು ಅಂಕಕ್ಕೂ ಸಮ ಇಲ್ಲ. ಎಂಜಿನಿಯರಿಂಗ್‌ಗೆ ಕೆಸಿಇಟಿ ರ‍್ಯಾಂಕ್ ಬರೋದು ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಸಿ. ಮೆಡಿಕಲ್‌ಗೆ ನೀಟ್ ಒಂದೇ. ಇಲ್ಲಿ ನಮ್ಮವರಿಗೆ ನಿಜವಾಗಿ ನೆರವಾಗೋದು ಸಂವಿಧಾನದ 371ಜೆ ವಿಧಿ. 2012ರ 98ನೇ ತಿದ್ದುಪಡಿಯಿಂದ ಬಂದ ಈ ವ್ಯವಸ್ಥೆಯಲ್ಲಿ ಕಲ್ಯಾಣ ಕರ್ನಾಟಕದ ಕಾಲೇಜುಗಳ 70 ಪರ್ಸೆಂಟ್ ಸೀಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8 ಪರ್ಸೆಂಟ್ ಸೀಟು ಈ ಭಾಗದವರಿಗೆ ಮೀಸಲು. ಡಾಕ್ಟರ್, ಎಂಜಿನಿಯರ್ ಆಗಬೇಕು ಅಂತ ಹೊರಟ ಮಗುವಿಗೆ 371ಜೆ ಸರ್ಟಿಫಿಕೇಟ್ ಸರಿಯಾಗಿ ಮಾಡಿಸಿಕೊಡೋದು ಹತ್ತು ವೆಬ್‌ಸೈಟ್‌ಗಿಂತ ಜಾಸ್ತಿ ಉಪಯೋಗ.

ಬಿಸಿನೆಸ್ ಲೆಕ್ಕಕ್ಕೆ ಬರೋದು ಇನ್ನೊಂದು ಬಗೆಯ ಕಾಲೇಜುಗಳಲ್ಲಿ. ಅಮೆರಿಕದ ಹಾರ್ವರ್ಡ್, ಯೇಲ್, ಎಂಐಟಿ ತರಹದವು, ನಮ್ಮಲ್ಲಿ ಸೋನಿಪತ್‌ನ ಅಶೋಕ, ಮೊಹಾಲಿಯ ಪ್ಲಾಕ್ಷ ಇಂಥ ಖಾಸಗಿ ವಿಶ್ವವಿದ್ಯಾಲಯಗಳು. ಇವು ಅಂಕ ನೋಡುತ್ತವೆ, ಜೊತೆಗೆ ಪ್ರಬಂಧ, ಸಂದರ್ಶನ, ಶಾಲೆಯ ಹೊರಗೆ ಮಗು ಏನು ಮಾಡಿದೆ ಅನ್ನೋದನ್ನೂ ನೋಡುತ್ತವೆ. ಐಐಎಂ ಇಂದೋರ್ 2011ರಿಂದ ನಡೆಸುತ್ತಿರುವ ಐದು ವರ್ಷದ ಕೋರ್ಸಿಗೂ, ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಪದವಿಗೂ ಪರೀಕ್ಷೆ ಆದಮೇಲೆ ಸಂದರ್ಶನ ಇರುತ್ತೆ. ಅಲ್ಲಿ ಇಂಥ ಅನುಭವದ ಮಾತು ಬರಬಹುದು.

ಅಂಕದ ಆಚೆ ನೋಡುವ ಪದ್ಧತಿ ಎಲ್ಲಿಂದ ಬಂತು

ಇದು ಇತ್ತೀಚಿನದಲ್ಲ. ಅಮೆರಿಕದಲ್ಲಿ ಇದರ ಶುರುವಾತು ಒಳ್ಳೆಯ ಉದ್ದೇಶದಿಂದ ಆಗಲೂ ಇಲ್ಲ. 1920ರ ದಶಕದವರೆಗೆ ಹಾರ್ವರ್ಡ್‌ನಂಥ ಕಡೆ ಪ್ರವೇಶ ಪರೀಕ್ಷೆ ಪಾಸಾದವರಿಗೆ ಸಾಮಾನ್ಯವಾಗಿ ಸೀಟು ಸಿಗುತ್ತಿತ್ತು. ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿ ಜಾಸ್ತಿ ಸಂಖ್ಯೆಯಲ್ಲಿ ಬರತೊಡಗಿದರು. 1922ರಲ್ಲಿ ಹಾರ್ವರ್ಡ್ ಅಧ್ಯಕ್ಷ ಲೋವೆಲ್, ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕುವ ಮಾತೆತ್ತಿದರು. ನೇರ ಮಿತಿಗೆ ವಿರೋಧ ಬಂತು. ಆಮೇಲೆ 'ನಡತೆ, ವ್ಯಕ್ತಿತ್ವ' ನೋಡುತ್ತೇವೆ ಅನ್ನುವ ನಿಯಮ ಬಂತು, ಅದರಿಂದ ಯಹೂದಿ ವಿದ್ಯಾರ್ಥಿಗಳ ಸಂಖ್ಯೆ ಇಳಿಯಿತು. ಮುಂದಿನ ದಶಕಗಳಲ್ಲಿ ಇದೇ ಪದ್ಧತಿಯನ್ನು ಬಡವರನ್ನೂ ಕರಿಯರನ್ನೂ ಒಳಗೆ ತರಲು ಕೂಡ ಬಳಸಿದರು. ಅಂದ್ರೆ ಈ ಪದ್ಧತಿ ಯಾರ ಕೈಲಿದೆ ಅನ್ನೋದರ ಮೇಲೆ ಅದರ ಫಲ ನಿಂತಿದೆ.

ಒಳಗೆ ಏನು ನಡೆಯುತ್ತೆ ಅಂತ ಹೊರಗಿನವರಿಗೆ ಚೆನ್ನಾಗಿ ಗೊತ್ತಾಗಿದ್ದು, ಜನಾಂಗ ನೋಡಿ ಸೀಟು ಕೊಡುತ್ತೆ ಅಂತ ಹಾರ್ವರ್ಡ್ ವಿರುದ್ಧ ಹಾಕಿದ್ದ ಕೇಸಿನಲ್ಲಿ. 2018ರ ವಿಚಾರಣೆಯಲ್ಲಿ ಆ ವಿಶ್ವವಿದ್ಯಾಲಯದ ಕಾಗದಗಳು ಬಹಿರಂಗವಾದವು. ಅರ್ಜಿ ಓದುವವರು ಓದು, ಪಠ್ಯೇತರ ಚಟುವಟಿಕೆ, ಕ್ರೀಡೆ, ವ್ಯಕ್ತಿತ್ವ ಅಂತ ಬೇರೆ ಬೇರೆ ಅಂಕ ಹಾಕುತ್ತಾರೆ. 1 ಬಂದರೆ ಅತಿ ಒಳ್ಳೆಯದು. 2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದೇ ಕೇಸಿನಲ್ಲಿ ಜನಾಂಗ ನೋಡಿ ಸೀಟು ಕೊಡೋದನ್ನು ನಿಲ್ಲಿಸಿತು. ಆದರೆ ಮಗು ಏನು ಅನುಭವಿಸಿದೆ, ಏನು ಮಾಡಿದೆ ಅನ್ನೋದನ್ನು ಪ್ರಬಂಧದಲ್ಲಿ ಬರೆಯಲು ಅಡ್ಡಿ ಇಲ್ಲ ಅಂತಲೂ ಹೇಳಿತು. ಹಾಗಾಗಿ ಪ್ರಬಂಧ ಮತ್ತು ಚಟುವಟಿಕೆಯ ಭಾಗವನ್ನು ಈಗ ಇನ್ನಷ್ಟು ಗಮನ ಕೊಟ್ಟು ಓದಬೇಕಾಗಿದೆ.

ಪೈಪೋಟಿ ಎಷ್ಟು ಅಂದ್ರೆ, 2024ರಲ್ಲಿ ಹಾರ್ವರ್ಡ್‌ಗೆ ಸುಮಾರು 54 ಸಾವಿರ ಅರ್ಜಿ ಬಂದವು. ಸೀಟು ಸಿಕ್ಕಿದ್ದು 2 ಸಾವಿರಕ್ಕಿಂತ ಕಡಿಮೆ ಮಂದಿಗೆ. ಅರ್ಜಿ ಹಾಕಿದವರಲ್ಲಿ ಬಹಳಷ್ಟು ಜನರ ಅಂಕ ಚೆನ್ನಾಗೇ ಇರುತ್ತೆ. ಅಂಕದಿಂದ ಮಾತ್ರ ಬೇರ್ಪಡಿಸಲು ಆಗದೆ ಇದ್ದಾಗ ಬೇರೆ ಸಂಗತಿಗಳು ಮುಂದೆ ಬರುತ್ತವೆ. ಬಿಸಿನೆಸ್ ಮಾಡಿದ ಹುಡುಗಿ ಬಿಸಿನೆಸ್‌ನಿಂದಲೇ ಗೆದ್ದಳು ಅಂತ ಪೇಪರ್ ಓದಿ ಅಂದುಕೊಳ್ಳೋದು ಸುಲಭ. ಅವಳ ಅಂಕ, ಇಂಗ್ಲಿಷ್, ಶಾಲೆಯವರ ಪತ್ರ ಎಲ್ಲ ಸರಿ ಇದ್ದಿದ್ದರಿಂದಲೇ ಬಿಸಿನೆಸ್ ವಿಚಾರ ಓದುವ ಹಂತಕ್ಕೆ ಅರ್ಜಿ ಬಂದಿರುತ್ತೆ.

ಇದು ನ್ಯಾಯವಾ?

ಇಲ್ಲಿ ಎರಡು ವಾದ ಇವೆ, ಎರಡರಲ್ಲೂ ಹುರುಳಿದೆ.

ಒಂದು ಕಡೆಯವರು ಹೇಳೋದು: ಪರೀಕ್ಷೆಯ ಅಂಕ ಕೂಡ ಸಮಾನ ಅವಕಾಶದಿಂದ ಬಂದಿದ್ದಲ್ಲ. 2025ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಕಲಬುರಗಿ ರಾಜ್ಯಕ್ಕೇ ಕೊನೆ, ಹಿಂದಿನ ವರ್ಷ ಕೊನೆಯ ಸ್ಥಾನ ಯಾದಗಿರಿಯದು. ಇಲ್ಲಿನ ಮಕ್ಕಳು ದಡ್ಡರು ಅಂತ ಯಾರಾದರೂ ಅಂದರೆ ಒಪ್ಪಲು ಸಾಧ್ಯವೇ ಇಲ್ಲ. ಮೇಷ್ಟ್ರ ಕೊರತೆ, ಗುಳೆ ಹೋಗುವ ಕುಟುಂಬ, ಕೋಚಿಂಗ್‌ಗೆ ಇಲ್ಲದ ದುಡ್ಡು, ಇವೆಲ್ಲ ಸೇರಿ ಆ ಅಂಕ ಬರುತ್ತೆ. ಹಾಗಿರುವಾಗ ಮಗು ತನ್ನ ಪರಿಸ್ಥಿತಿಯಲ್ಲಿ ಏನು ಮಾಡಿ ತೋರಿಸಿತು ಅಂತ ನೋಡೋದೇ ಹೆಚ್ಚು ನ್ಯಾಯ.

ಇನ್ನೊಂದು ಕಡೆಯವರ ಹತ್ತಿರ ಗಟ್ಟಿ ಆಧಾರ ಇದೆ. ಅರ್ಥಶಾಸ್ತ್ರಜ್ಞರಾದ ರಾಜ್ ಚೆಟ್ಟಿ ಮತ್ತು ಇನ್ನಿಬ್ಬರು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರವೇಶ ಪರೀಕ್ಷೆಯಲ್ಲಿ ಅಷ್ಟೇ ಅಂಕ ಪಡೆದ ಮಧ್ಯಮ ವರ್ಗದ ಮಗುವಿಗಿಂತ, ಅಮೆರಿಕದ ಅತಿ ಶ್ರೀಮಂತ 1 ಪರ್ಸೆಂಟ್ ಮನೆಯ ಮಗು ಈ ದೊಡ್ಡ ಕಾಲೇಜುಗಳಿಗೆ ಸೇರುವ ಸಾಧ್ಯತೆ ಎರಡು ಪಟ್ಟಿಗಿಂತ ಜಾಸ್ತಿ. ಅದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಅಪ್ಪ-ಅಮ್ಮ ಅಲ್ಲೇ ಓದಿದವರು ಅನ್ನೋದು ಒಂದು, ಕ್ರೀಡಾ ಕೋಟಾ ಒಂದು, ಈ ಅಂಕದಾಚೆಯ ರೇಟಿಂಗ್ ಇನ್ನೊಂದು. ಕಾರಣ ಹುಡುಕೋದು ಕಷ್ಟ ಇಲ್ಲ. ಚಟುವಟಿಕೆಗೆ ಸಮಯ ಬೇಕು, ದುಡ್ಡು ಬೇಕು, ಹೇಳಿಕೊಡುವವರು ಬೇಕು. ಅಂಕಕ್ಕಿಂತ ಚಟುವಟಿಕೆಯನ್ನು ಕೊಂಡುಕೊಳ್ಳೋದು ಸುಲಭ.

ನನಗೆ ಎರಡನೆಯ ವಾದ ಜಾಸ್ತಿ ತೂಕದ್ದು ಅನಿಸುತ್ತೆ. ಆದರೆ ಅದರ ಪರಿಹಾರ ಪರೀಕ್ಷೆಗೆ ವಾಪಸ್ ಹೋಗೋದರಲ್ಲಿ ಇಲ್ಲ, ಯಾವುದನ್ನು ಚಟುವಟಿಕೆ ಅಂತ ಎಣಿಸುತ್ತೇವೆ ಅನ್ನೋದರಲ್ಲಿದೆ. ಹಾರ್ವರ್ಡ್‌ನ ಶಿಕ್ಷಣ ವಿಭಾಗವೇ 2016ರಲ್ಲಿ ಒಂದು ವರದಿ ತಂದು, ಮನೆಗಾಗಿ ದುಡಿಯೋದು, ತಮ್ಮ-ತಂಗಿಯರನ್ನು ನೋಡಿಕೊಳ್ಳೋದು ಇವಕ್ಕೂ ಬೆಲೆ ಕೊಡಬೇಕು ಅಂತ ಕಾಲೇಜುಗಳಿಗೆ ಹೇಳಿತು. ಅಮೆರಿಕದ ನೂರಾರು ಕಾಲೇಜುಗಳಿಗೆ ಒಂದೇ ಅರ್ಜಿ ಹಾಕುವ 'ಕಾಮನ್ ಆ್ಯಪ್'ನಲ್ಲಿ ಚಟುವಟಿಕೆಯ ಬಗೆಗಳ ಪಟ್ಟಿ ಇದೆ. ಅದರಲ್ಲಿ ಸಂಬಳದ ಕೆಲಸ ಅನ್ನೋದೂ ಇದೆ, ಕುಟುಂಬದ ಜವಾಬ್ದಾರಿ ಅನ್ನೋದೂ ಇದೆ. ಇದು ನಮ್ಮಲ್ಲಿ ಬಹಳ ಜನರಿಗೆ ಗೊತ್ತೇ ಇಲ್ಲ.

ನೂರೈವತ್ತು ಅಕ್ಷರದಲ್ಲಿ ಒಂದು ವ್ಯಾಪಾರ

ಆ ಅರ್ಜಿಯಲ್ಲಿ 10 ಚಟುವಟಿಕೆ ಹಾಕಬಹುದು. ಪ್ರತಿಯೊಂದನ್ನೂ ವಿವರಿಸಲು ಸಿಗೋದು 150 ಅಕ್ಷರ ಮಾತ್ರ, ಖಾಲಿ ಜಾಗ ಸೇರಿ. ಮುಖ್ಯ ಪ್ರಬಂಧಕ್ಕೆ 650 ಪದ. ಇಷ್ಟು ಚಿಕ್ಕ ಜಾಗದಲ್ಲಿ 'ಫೌಂಡರ್ ಮತ್ತು ಸಿಇಒ, ಗ್ರಾಮೀಣ ಮಹಿಳೆಯರ ಸಬಲೀಕರಣ' ಅಂತ ಬರೆದರೆ ಓದುವವರಿಗೆ ಏನೂ ಸಿಗಲ್ಲ. ಅಂಥ ಸಾಲನ್ನು ಅವರು ದಿನಕ್ಕೆ ಎಷ್ಟೋ ಸಲ ಓದಿರುತ್ತಾರೆ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಫಸ್ಟ್ ಪಿಯು ಓದುವ ಇಬ್ಬರು ಹುಡುಗಿಯರು ಕಲಬುರಗಿಯಲ್ಲಿ ಖಡಕ್ ಜೋಳದ ರೊಟ್ಟಿ ಮಾಡುವ ಮಹಿಳೆಯರಿಂದ ರೊಟ್ಟಿ ಕೊಂಡು ಹಾಸ್ಟೆಲ್‌ಗಳಿಗೆ ಮಾರುತ್ತಾರೆ ಅಂದುಕೊಳ್ಳಿ. ವಾರಕ್ಕೆ 400 ರೊಟ್ಟಿ. ಒಂದಕ್ಕೆ 6 ರೂಪಾಯಿ ಕೊಟ್ಟು ತಂದು 8ಕ್ಕೆ ಮಾರಾಟ. ಬಾಯಿಲೆಕ್ಕದಲ್ಲಿ 800 ರೂಪಾಯಿ ಲಾಭ. ಆದರೆ ಖಡಕ್ ರೊಟ್ಟಿ ಆಟೋದಲ್ಲಿ ಕುಲುಕಾಡಿ ಮುರಿಯುತ್ತೆ. 400ರಲ್ಲಿ 60 ಮುರಿದು ಮಾರಾಟಕ್ಕೆ ಬಾರದೆ ಹೋದರೆ ಉಳಿದ 340ಕ್ಕೆ ಬರೋದು 2,720 ರೂಪಾಯಿ. ಕೊಂಡಿದ್ದು 2,400ಕ್ಕೆ, ಆಟೋಗೆ 200. ಕೈಲಿ ಉಳಿದಿದ್ದು 120. ಮೂರು ವಾರ ಹೀಗೇ ಹೋಗುತ್ತೆ. ಆಮೇಲೆ ಅವರು ರೊಟ್ಟಿಯ ಅಳತೆಗೆ ಸರಿಯಾದ ಡಬ್ಬಿ ಹುಡುಕಿ, ಸಂದಿಗೆ ಪೇಪರ್ ತುಂಬಿ ಕಳಿಸುತ್ತಾರೆ. ಮುರಿಯೋದು 60ರಿಂದ 15ಕ್ಕೆ ಇಳಿಯುತ್ತೆ. ಈಗ 385 ರೊಟ್ಟಿಗೆ 3,080 ರೂಪಾಯಿ, ಖರ್ಚು ಕಳೆದರೆ 480. ಲಾಭ ನಾಲ್ಕು ಪಟ್ಟು.

ಇದನ್ನು ಅರ್ಜಿಯಲ್ಲಿ ಇಂಗ್ಲಿಷ್‌ನಲ್ಲಿ ಬರೆಯಬೇಕು, ಕನ್ನಡದಲ್ಲಿ ಹೇಳಿದರೆ ಹೀಗೆ: 'ಹಾಸ್ಟೆಲ್‌ಗಳಿಗೆ ವಾರಕ್ಕೆ 400 ಜೋಳದ ರೊಟ್ಟಿ. ಡಬ್ಬಿ ಬದಲಿಸಿ ಮುರಿಯೋದು 60ರಿಂದ 15ಕ್ಕೆ, ವಾರದ ಲಾಭ 120ರಿಂದ 480 ರೂ.ಗೆ.' ದೊಡ್ಡ ಮಾತು ಒಂದೂ ಇಲ್ಲ. ದುಡ್ಡೂ ಚಿಕ್ಕದೇ. ಆದರೆ ಒಂದು ತೊಂದರೆ ಬಂತು, ಇವರು ಅದನ್ನು ಗಮನಿಸಿದರು, ಏನೋ ಬದಲಿಸಿದರು, ಬದಲಿಸಿದ್ದಕ್ಕೆ ಫಲ ಸಿಕ್ಕಿತು ಅನ್ನೋದು ಅರ್ಜಿ ಓದುವವರಿಗೆ ಕಾಣುತ್ತೆ. ಇಬ್ಬರಲ್ಲಿ ಯಾರು ಏನು ಮಾಡಿದರು ಅಂತಲೂ ಬೇರೆ ಬೇರೆ ಹೇಳಬೇಕು. ಒಬ್ಬಳು ಲೆಕ್ಕ, ಇನ್ನೊಬ್ಬಳು ಆರ್ಡರ್ ಅಂದ್ರೆ ಹಾಗೇ ಬರೆಯಬೇಕು. ಇಬ್ಬರೂ 'ಫೌಂಡರ್, ಸಿಇಒ' ಅಂತ ಬರೆದುಕೊಂಡರೆ ಎರಡು ಅರ್ಜಿಯೂ ಹಗುರ ಆಗುತ್ತವೆ.

ಸ್ವಂತದ್ದೇ ಆಗಬೇಕು ಅಂತೇನೂ ಇಲ್ಲ. ಬೀದರ್‌ನಲ್ಲಿ ಬಿದರಿ ಕೆಲಸದ ಮನೆಯ ಮಗ ಅಪ್ಪ ಮಾಡಿದ ಹೂದಾನಿ, ಡಬ್ಬಿಗಳ ಫೋಟೊ ತೆಗೆದು ಆನ್‌ಲೈನ್‌ನಲ್ಲಿ ಹಾಕಿ, ಗಿರಾಕಿಗೆ ಉತ್ತರ ಕೊಟ್ಟು, ಪ್ಯಾಕ್ ಮಾಡಿ ಕೊರಿಯರ್‌ಗೆ ಕೊಡುತ್ತಾನೆ ಅನ್ನಿ. ಅವನು 'ಬಿದರಿ ಬ್ರ್ಯಾಂಡ್ ಕಟ್ಟಿದೆ' ಅಂದರೆ ಅನುಮಾನ ಬರುತ್ತೆ, ಯಾಕಂದ್ರೆ ಬಿದರಿಗೆ ಶತಮಾನಗಳ ಹೆಸರಿದೆ, ಭೌಗೋಳಿಕ ಗುರುತಿನ ಜಿಐ ಟ್ಯಾಗ್ ಇದೆ. ಸತು-ತಾಮ್ರದ ಅಚ್ಚಿನ ಮೇಲೆ ಬೆಳ್ಳಿ ತಂತಿ ಕೂರಿಸಿ ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ತರೋದು ಅಪ್ಪನ ಕೈಕೆಲಸ. ಕಪ್ಪು ಮೈ ಮೇಲೆ ಬೆಳ್ಳಿ ಹೊಳೆಯೋದು ಫೋಟೊದಲ್ಲಿ ಸರಿಯಾಗಿ ಬರದೆ ಗಿರಾಕಿ ವಾಪಸ್ ಕಳಿಸುತ್ತಿದ್ದರು, ಬೆಳಕಿನ ದಿಕ್ಕು ಬದಲಿಸಿದ ಮೇಲೆ ವಾಪಸ್ ಬರೋದು ಕಡಿಮೆಯಾಯಿತು ಅಂತ ಬರೆದರೆ ಅದು ಅವನದೇ ಕೆಲಸ. ಕಿರಾಣಿ ಅಂಗಡಿಯ ಉದ್ರಿ ಖಾತೆ ನೋಡಿಕೊಳ್ಳುವ ಹುಡುಗನಿಗೂ ಇದೇ ಮಾತು. ಸುಗ್ಗಿ ಬಂದಾಗ ವಸೂಲಿ, ಮಳೆ ಕೈಕೊಟ್ಟಾಗ ಯಾರಿಗೆ ಇನ್ನಷ್ಟು ಉದ್ರಿ ಕೊಡಬೇಕು ಅನ್ನುವ ನಿರ್ಧಾರ, ಇದೆಲ್ಲ ದೊಡ್ಡ ಶಹರದ ಎಷ್ಟೋ 'ಸ್ಟಾರ್ಟಪ್'ಗಳಲ್ಲಿ ಸಿಗದ ಅನುಭವ.

ಹದಿನೇಳು ವರ್ಷಕ್ಕೆ ಮಾಲೀಕ ಆಗಬಹುದಾ?

ಕಾನೂನಿನ ಕಡೆಯಿಂದ ನೋಡಿದರೆ 18 ತುಂಬದವರು ಮಾಡಿಕೊಂಡ ಒಪ್ಪಂದ ಅವರ ಮೇಲೆ ನಿಲ್ಲಲ್ಲ. 1872ರ ಒಪ್ಪಂದ ಕಾಯ್ದೆ ಹಾಗೆ ಹೇಳುತ್ತೆ. ಕಂಪನಿ ಡೈರೆಕ್ಟರ್ ಆಗಲೂ ಬರಲ್ಲ. ಪಾಲುದಾರಿಕೆಯ ಲಾಭದಲ್ಲಿ ಪಾಲು ಕೊಡಬಹುದು, ಪೂರ್ತಿ ಪಾಲುದಾರ ಮಾಡಲು ಆಗಲ್ಲ. ಹಾಗಾಗಿ ಮಗು ನಡೆಸುವ ವ್ಯಾಪಾರದ ಕಾಗದಪತ್ರ ಸಾಮಾನ್ಯವಾಗಿ ತಂದೆ-ತಾಯಿ ಹೆಸರಲ್ಲೇ ಇರಬೇಕಾಗುತ್ತೆ. ಇದು ತಪ್ಪಲ್ಲ, ಅರ್ಜಿಯಲ್ಲಿ ಮುಚ್ಚಿಡುವ ವಿಷಯವೂ ಅಲ್ಲ.

ತೆರಿಗೆ ವಿಷಯಕ್ಕೆ ಬಂದರೆ, ಮಗುವಿನ ಆದಾಯ ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರುತ್ತೆ. ಸ್ವಂತ ಕೈಕೆಲಸ ಅಥವಾ ಪ್ರತಿಭೆಯಿಂದ ಗಳಿಸಿದ್ದಕ್ಕೆ ವಿನಾಯಿತಿ ಇದೆ. ತಿಂಡಿ ಮಾರುವುದಾದರೆ ಎಷ್ಟೇ ಚಿಕ್ಕದಾದರೂ ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐ ಸಂಸ್ಥೆಯ ನೋಂದಣಿ ಬೇಕು. ಇನ್ನೊಂದು ಎಚ್ಚರಿಕೆ ಯುಪಿಐ ಬಗ್ಗೆ. 2025ರ ಜುಲೈನಲ್ಲಿ ರಾಜ್ಯದ ಸಣ್ಣ ಅಂಗಡಿಯವರಿಗೆ ಯುಪಿಐ ವ್ಯವಹಾರ ನೋಡಿ ಜಿಎಸ್‌ಟಿ ನೋಟಿಸ್ ಬಂದು ದೊಡ್ಡ ಗದ್ದಲ ಆಗಿದ್ದು ನೆನಪಿರಬಹುದು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ವಹಿವಾಟು ದಾಟಿದರೆ ನೋಂದಣಿ ಕಡ್ಡಾಯ. ಮಕ್ಕಳ ವ್ಯಾಪಾರ ಅಷ್ಟಕ್ಕೆ ಹೋಗಲ್ಲ, ಆದರೆ ಅಪ್ಪನ ಅಂಗಡಿಯ ಕ್ಯೂಆರ್ ಕೋಡ್‌ಗೇ ಎಲ್ಲ ದುಡ್ಡು ಬಂದರೆ ಎರಡೂ ಸೇರಿ ಲೆಕ್ಕ ಕಲಸಿಹೋಗುತ್ತೆ. 10 ವರ್ಷ ದಾಟಿದ ಮಕ್ಕಳು ತಾವೇ ಖಾತೆ ತೆರೆದು ನಡೆಸಲು ಬ್ಯಾಂಕ್‌ಗಳು ಅವಕಾಶ ಕೊಡಬಹುದು ಅಂತ ರಿಸರ್ವ್ ಬ್ಯಾಂಕ್ 2025ರಲ್ಲಿ ಹೇಳಿದೆ. ಬೇರೆ ಖಾತೆ ಇದ್ದರೆ ಲೆಕ್ಕವೂ ಶುದ್ಧ, ನಾಳೆ ಯಾರಾದರೂ ಕೇಳಿದರೆ ತೋರಿಸಲೂ ಸುಲಭ.

ಸುಳ್ಳು ಸೇರಿದರೆ

ಯಾರು ಬಂದು ನೋಡ್ತಾರೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಅರ್ಜಿದಾರರಲ್ಲಿ ಕೆಲವರನ್ನು ಚೀಟಿ ಎತ್ತಿದ ಹಾಗೆ ಆರಿಸಿ ಪುರಾವೆ ಕೇಳುತ್ತೆ, ಕೊಡದಿದ್ದರೆ ಅರ್ಜಿ ರದ್ದು. 2024ರಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದಲ್ಲಿದ್ದ ಭಾರತದ ಒಬ್ಬ ವಿದ್ಯಾರ್ಥಿ ನಕಲಿ ಕಾಗದ ಕೊಟ್ಟು ಪೂರ್ತಿ ಸ್ಕಾಲರ್‌ಶಿಪ್ ಪಡೆದಿದ್ದು ಬಯಲಾಗಿ, ಬಂಧನವಾಗಿ, ಕೊನೆಗೆ ದೇಶಕ್ಕೆ ವಾಪಸ್ ಬರಬೇಕಾಯಿತು. ಒಳಗೆ ಸೇರಿದ ಮೇಲೂ ಸೀಟು ಹೋಗುತ್ತೆ ಅನ್ನೋದು ಇದರಿಂದ ಗೊತ್ತಾಗುತ್ತೆ. ಹೀಗೆ ಸಿಕ್ಕಿಬಿದ್ದ ಪ್ರಕರಣಗಳ ಹೊರೆ ಆಮೇಲೆ ಅರ್ಜಿ ಹಾಕುವ ಪ್ರಾಮಾಣಿಕ ಮಕ್ಕಳ ಮೇಲೆ ಬೀಳುತ್ತೆ. ಅವರ ಅರ್ಜಿಯನ್ನೂ ಅನುಮಾನದಿಂದ ನೋಡತೊಡಗುತ್ತಾರೆ.

ನಿಜವಾದ ಅಡ್ಡಿ ಎಲ್ಲಿದೆ

ನಮ್ಮ ಕಡೆ ಮಕ್ಕಳಿಗೆ ಕೆಲಸದ ಅನುಭವ ಇದೆ, ಅದನ್ನು ದೃಢಪಡಿಸುವವರು ಇಲ್ಲ. ಈ ಕಾಲೇಜುಗಳು 9ರಿಂದ 12ನೇ ತರಗತಿವರೆಗಿನ ದಾಖಲೆ ಕೇಳುತ್ತವೆ, ಜೊತೆಗೆ ಮೇಷ್ಟ್ರ ಪತ್ರ ಮತ್ತು ಶಾಲೆಯ ಪರಿಚಯ. ನಮ್ಮಲ್ಲಿ ಹತ್ತಕ್ಕೆ ಶಾಲೆ ಮುಗಿದು ಪಿಯುಗೆ ಬೇರೆ ಕಾಲೇಜು. ತುಂಬಿದ ಕ್ಲಾಸಿನಲ್ಲಿ ಲೆಕ್ಚರರ್‌ಗೆ ಹುಡುಗನ ಹೆಸರು ನೆನಪಾಗುವಷ್ಟರಲ್ಲಿ ಎರಡು ವರ್ಷ ಮುಗಿದಿರುತ್ತೆ. ಬೆಳಗ್ಗೆಯಿಂದ ರಾತ್ರಿವರೆಗೆ ನೀಟ್ ಕೋಚಿಂಗ್ ಇರುವ ಕಡೆ ರೊಟ್ಟಿ ಮಾರಲು ಸಮಯವೇ ಸಿಗಲ್ಲ. ಅರ್ಜಿಯ ಕೊನೆ ದಿನಾಂಕ ಕೂಡ ನವೆಂಬರ್ ಶುರುವಿನಲ್ಲಿ, ಇಲ್ಲವೇ ಜನವರಿ ಹೊತ್ತಿಗೆ ಬರುತ್ತೆ, ಅಂದ್ರೆ ಸೆಕೆಂಡ್ ಪಿಯು ಓದಿನ ನಟ್ಟನಡುವೆ. ಆದ್ದರಿಂದ ಎರಡೂ ದಾರಿಯಲ್ಲಿ ಒಟ್ಟಿಗೆ ಓಡುತ್ತೇನೆ ಅನ್ನೋದು ಬಹಳ ಕಷ್ಟ, ಹತ್ತನೇ ಕ್ಲಾಸಿನ ಹೊತ್ತಿಗೇ ಮನೆಯಲ್ಲಿ ಕೂತು ಮಾತಾಡಿ ತೀರ್ಮಾನ ಮಾಡಬೇಕು.

ದುಡ್ಡಿನ ವಿಷಯವನ್ನೂ ಮೊದಲೇ ನೋಡಬೇಕು. ವಿದೇಶಿ ವಿದ್ಯಾರ್ಥಿಯ ಆರ್ಥಿಕ ಸ್ಥಿತಿ ಲೆಕ್ಕಿಸದೆ ಸೀಟು ಕೊಡುವ ಕಾಲೇಜುಗಳು ಅಮೆರಿಕದಲ್ಲಿ ಬೆರಳೆಣಿಕೆಯಷ್ಟು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್‌ಹರ್ಸ್ಟ್ ಅವುಗಳಲ್ಲಿ ಸೇರಿವೆ. ಉಳಿದ ಬಹುತೇಕ ಕಡೆ ಸಹಾಯ ಕೇಳಿದರೆ ಸೀಟಿನ ಸಾಧ್ಯತೆಯೇ ಕಡಿಮೆಯಾಗಬಹುದು. 2025ರ ಮೇ ಕೊನೆಯಲ್ಲಿ ಅಮೆರಿಕ ಹೊಸ ವಿದ್ಯಾರ್ಥಿ ವೀಸಾ ಸಂದರ್ಶನಗಳನ್ನು ಕೆಲವು ವಾರ ನಿಲ್ಲಿಸಿತ್ತು. ಇಂಥ ಅನಿಶ್ಚಿತತೆ ಇರುವಾಗ ದೇಶದೊಳಗಿನ, ಆದಾಯ ನೋಡಿ ಫೀಸು ಮಾಫಿ ಮಾಡುವ ಅಜೀಂ ಪ್ರೇಮ್‌ಜಿ, ಅಶೋಕ ತರಹದ ಕಡೆಯೂ ಅರ್ಜಿ ಇರಲೇಬೇಕು.

ಮುಂದೆ ಏನಾಗಬಹುದು

ಬಿಸಿನೆಸ್ ಮಾಡಿಸುವ ಪ್ಯಾಕೇಜ್‌ಗಳು ಹೆಚ್ಚಾದಷ್ಟೂ ಕಾಲೇಜುಗಳು 'ಫೌಂಡರ್' ಅನ್ನೋದನ್ನು ನಂಬೋದು ಕಡಿಮೆ ಮಾಡುತ್ತವೆ. ಸಂದರ್ಶನದಲ್ಲಿ ಕೆದಕಿ ಕೇಳುವುದು ಜಾಸ್ತಿ ಆಗುತ್ತೆ. ನಿಮ್ಮ ಮೊದಲ ಗಿರಾಕಿ ಯಾರು, ಯಾವ ತಿಂಗಳು ನಷ್ಟ ಆಯಿತು, ಯಾಕೆ ಅಂದರೆ ಪ್ಯಾಕೇಜ್ ಕೊಂಡ ಮಗು ತಡವರಿಸುತ್ತೆ, ಗಲ್ಲಾ ಮೇಲೆ ಕೂತ ಮಗು ಥಟ್ಟನೆ ಹೇಳುತ್ತೆ. ಆ ಮಟ್ಟಿಗೆ ಈ ಬದಲಾವಣೆ ನಮ್ಮವರಿಗೆ ಒಳ್ಳೆಯದೇ.

ಆದರೆ ಅಲ್ಲಿಯವರೆಗೆ ತಲುಪಲು ಸರ್ಕಾರಿ ಶಾಲೆಯ ಮಕ್ಕಳಿಗೆ ಆಸರೆ ಬೇಕು. ದೆಹಲಿಯಲ್ಲಿ 2021ರಲ್ಲಿ ಸರ್ಕಾರಿ ಶಾಲೆಯ 11, 12ನೇ ತರಗತಿಯ ಮಕ್ಕಳಿಗೆ ತಂಡ ಕಟ್ಟಿಸಿ, ತಲಾ 2,000 ರೂಪಾಯಿ ಬಂಡವಾಳ ಕೊಟ್ಟು ವ್ಯಾಪಾರ ಮಾಡಿಸಿದ್ದರು. ಇಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024–25ರ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಿಸಿದ್ದರು. ಅದರ ಒಂದು ಸಣ್ಣ ತುಣುಕಿನಲ್ಲಿ ಪ್ರತಿ ತಾಲೂಕಿನ ಒಂದು ಪಿಯು ಕಾಲೇಜಿನಲ್ಲಾದರೂ ಒಬ್ಬ ಲೆಕ್ಚರರ್‌ಗೆ ಈ ಕೆಲಸ ವಹಿಸಬಹುದು. ಮಕ್ಕಳು ಮಾಡುವ ಕೆಲಸ ನೋಡಿ, ದಾಖಲಿಸಿ, ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಎರಡು ಪುಟ ಬರೆದುಕೊಡುವುದು, ಇಷ್ಟೇ. ತೊಗರಿಗೆ ಜಿಐ ಟ್ಯಾಗ್ ತಂದುಕೊಂಡ, ರೊಟ್ಟಿಗೆ ಜಿಲ್ಲಾಡಳಿತವೇ ಬ್ರ್ಯಾಂಡ್ ಮಾಡಿದ ಊರಿನಲ್ಲಿ ಇದು ಆಗದ ಕೆಲಸ ಏನಲ್ಲ.

ಕೊನೆಗೆ ಪೋಷಕರು ಪದೇ ಪದೇ ಕೇಳುವ ಒಂದು ಪ್ರಶ್ನೆ: ವ್ಯಾಪಾರ ನಿಂತುಹೋಗಿದ್ದರೆ ಬರೆಯಬೇಕಾ? ಬರೆಯಬೇಕು. ಯಾವ ತಿಂಗಳು ಶುರು, ಯಾವ ತಿಂಗಳು ನಿಂತಿತು, ಯಾಕೆ, ಯಾರ ಬಾಕಿ ಎಷ್ಟಿತ್ತು, ಅದನ್ನು ಹೇಗೆ ತೀರಿಸಿದರು ಅಂತ ನೇರವಾಗಿ ಹಾಕಿ. ಜೋಳದ ರೇಟು ಏರಿ ರೊಟ್ಟಿ ವ್ಯಾಪಾರ ಆರು ತಿಂಗಳಿಗೆ ನಿಂತಿದ್ದರೂ, ರೊಟ್ಟಿ ಮಾಡಿಕೊಟ್ಟ ಮಹಿಳೆಯರ ಕೊನೆಯ ವಾರದ ದುಡ್ಡನ್ನು ಪೂರ್ತಿ ಕೊಟ್ಟಿದ್ದರೆ, ಆ ಸಾಲಿಗೆ 150 ಅಕ್ಷರದಲ್ಲಿ ಜಾಗ ಮಾಡಿಕೊಳ್ಳಿ.